ಹೋಟನ್ ಊರಿನ ಲೆಕ್ಕದ ಮೇಷ್ಟ್ರು

ಸೆಕೆಂಡ್ ಪಿಯುಸಿ ಗಣಿತದ ಎರಡನೇ ಅಧ್ಯಾಯ ನೆನಪಿದೆಯಾ? ಇನ್ವರ್ಸ್ ಟ್ರಿಗೊನೊಮೆಟ್ರಿ. ಟ್ಯಾನ್ ಇನ್ವರ್ಸ್ 3/4 ಅನ್ನೋ ಕೋನದ ಸೈನ್ ಎಷ್ಟು ಅಂತ ಕೇಳಿದರೆ ನಾವೆಲ್ಲ ಮಾಡುತ್ತಿದ್ದದ್ದು ಒಂದೇ ಕೆಲಸ. ರಫ್ ಪುಟದ ಮೂಲೆಯಲ್ಲಿ ಒಂದು ಲಂಬಕೋನ ತ್ರಿಭುಜ, ಎದುರು ಬಾಹು 3, ಪಕ್ಕದ್ದು 4, ಹಾಗಾದರೆ ಕರ್ಣ 5, ಉತ್ತರ 3/5. ಕೋನ ಎಷ್ಟು ಡಿಗ್ರಿ ಅಂತ ಯಾರೂ ಕೇಳುವುದಿಲ್ಲ, ನಮಗೂ ಬೇಕಾಗಿರಲಿಲ್ಲ. ಸಿಇಟಿ ಮುಗಿದ ಮೇಲೆ ಆ ತ್ರಿಭುಜವನ್ನು ಅಲ್ಲೇ ಬಿಟ್ಟು ಬಂದೆವು.

ಇಂಗ್ಲೆಂಡಿನ ಈಶಾನ್ಯ ಮೂಲೆಗೆ ಓದಲು ಬಂದ ಮೇಲೆ ಗೊತ್ತಾಯಿತು, ನಾವು ಇರುವ ಜಾಗದಿಂದ ಬಸ್ಸಿನಲ್ಲಿ ಹೋಗಿ ಬರುವಷ್ಟು ಹತ್ತಿರದಲ್ಲೇ ಈ ಟ್ಯಾನ್ ಇನ್ವರ್ಸ್ ಒಂದನ್ನೇ ಹಿಡಿದು ವರ್ಷಗಟ್ಟಲೆ ಕೂತ ಒಬ್ಬ ಮೇಷ್ಟ್ರು ಬದುಕಿದ್ದರು ಅಂತ. ಹೆಸರು ವಿಲಿಯಂ ಶ್ಯಾಂಕ್ಸ್. ಪೈ ಬಗ್ಗೆ ಬರೆದ ಯಾವ ಪುಸ್ತಕ ತೆಗೆದರೂ ಇವರ ಹೆಸರು ಬರುತ್ತದೆ, ಹೆಚ್ಚಾಗಿ ಒಂದೇ ವಾಕ್ಯದಲ್ಲಿ: 707 ದಶಮಾಂಶ ಸ್ಥಾನ ಕೈಯಲ್ಲೇ ಲೆಕ್ಕ ಹಾಕಿದರು, 528ರಲ್ಲಿ ತಪ್ಪಿದರು. ಓದಿದವರು ಅಯ್ಯೋ ಪಾಪ ಅಂದು ಪುಟ ತಿರುಗಿಸುತ್ತಾರೆ. ನಾವೂ ಹಾಗೇ ಮಾಡಿದ್ದೆವು. ಆಮೇಲೆ ಯಾಕೋ ಮನಸ್ಸು ಕೇಳಲಿಲ್ಲ.

ಶ್ಯಾಂಕ್ಸ್ ಹುಟ್ಟಿದ್ದು 1812ರ ಜನವರಿ 25ರಂದು, ಸ್ಕಾಟ್ಲೆಂಡ್ ಗಡಿಗೆ ಹತ್ತಿರದ ನಾರ್ತಂಬರ್ಲೆಂಡ್ ಕೌಂಟಿಯ ಕಾರ್ಸೆನ್‌ಸೈಡ್ ಎಂಬಲ್ಲಿ. ಗುಡ್ಡ, ಕುರಿ, ಮಳೆ. ಅದೇ ಸುತ್ತಿನ ವುಡ್‌ಬರ್ನ್ ಹಳ್ಳಿಯ ಶಾಲೆಯಲ್ಲಿ 1820ರ ದಶಕದ ಮೊದಲ ವರ್ಷಗಳಲ್ಲಿ ವಿಲಿಯಂ ರುದರ್ಫರ್ಡ್ ಎಂಬ ಮೇಷ್ಟ್ರು ಪಾಠ ಹೇಳುತ್ತಿದ್ದರು. (ಅಣುವಿನ ರುದರ್ಫರ್ಡ್ ಅಲ್ಲ, ಅವರು ಹುಟ್ಟಿದ್ದೇ ಎಷ್ಟೋ ವರ್ಷ ಆದ ಮೇಲೆ.) ಹುಡುಗ ಶ್ಯಾಂಕ್ಸ್‌ಗೆ ಅಂಕಿಗಳ ಮೊದಲ ಪಾಠ ಆದದ್ದು ಇವರಿಂದ. ರುದರ್ಫರ್ಡ್ ಮುಂದೆ ಲಂಡನ್ ಪಕ್ಕದ ವೂಲಿಚ್‌ನ ಮಿಲಿಟರಿ ಅಕಾಡೆಮಿಗೆ ಹೋಗಿ ದೊಡ್ಡ ಹೆಸರು ಮಾಡಿದರು. ಶಿಷ್ಯ ಅಷ್ಟು ದೂರ ಹೋಗಲಿಲ್ಲ. ಡರ್ಹಮ್ ಕೌಂಟಿಯ ಕಲ್ಲಿದ್ದಲು ಸೀಮೆಯ ಹೋಟನ್-ಲೆ-ಸ್ಪ್ರಿಂಗ್ ಎಂಬ ಸಣ್ಣ ಊರಿನಲ್ಲಿ ಒಂದು ಬೋರ್ಡಿಂಗ್ ಸ್ಕೂಲ್ ನಡೆಸಿಕೊಂಡು ಇದ್ದುಬಿಟ್ಟರು. ಊರಿನ ಹೆಸರಿನ ಸ್ಪೆಲಿಂಗ್ ನೋಡಿ ನಾವು ಹೌಟನ್ ಅಂದಿದ್ದೆವು. ಬಸ್ ಡ್ರೈವರ್ ನಕ್ಕು ಹೋಟನ್ ಅಂತ ತಿದ್ದಿದರು.

ಯೂನಿವರ್ಸಿಟಿ ಕೆಲಸ ಇಲ್ಲ, ಸಂಬಳದ ಸಂಶೋಧನೆ ಇಲ್ಲ. ಹುಡುಗರ ಊಟ, ಪಾಠ, ಫೀಸು ನೋಡಿಕೊಂಡು ಉಳಿದ ಹೊತ್ತಿನಲ್ಲಿ ಲೆಕ್ಕ. ನಮ್ಮ ಊರುಗಳಲ್ಲೂ ಇಂಥ ಮೇಷ್ಟ್ರುಗಳು ಇರುತ್ತಾರಲ್ಲ, ಶಾಲೆ ಮುಗಿದ ಮೇಲೆ ಶಾಸನ ಹುಡುಕಿಕೊಂಡು ಅಲೆಯೋರು, ಪಂಚಾಂಗ ಗುಣಿಸೋರು. ಆ ಜಾತಿಯ ಮನುಷ್ಯ ಇವರು. ಪ್ರೈಮ್ ಸಂಖ್ಯೆಗಳ ಪಟ್ಟಿ ಮಾಡಿದರು. 2, 3, 5, 10ರ ನ್ಯಾಚುರಲ್ ಲಾಗರಿದಮ್‌ಗಳನ್ನು 137 ಸ್ಥಾನದವರೆಗೆ ತೆಗೆದರು. 1/7 ಅನ್ನು ದಶಮಾಂಶ ಮಾಡಿದರೆ 142857 ಅನ್ನೋ ಆರು ಅಂಕಿ ಮತ್ತೆ ಮತ್ತೆ ಬರುತ್ತದೆ, 1/17ಕ್ಕೆ ಹದಿನಾರು ಅಂಕಿ. ಹೀಗೆ ಸಾವಿರಾರು ಪ್ರೈಮ್‌ಗಳಿಗೆ ಎಷ್ಟೆಷ್ಟು ಅಂಕಿ ಆದಮೇಲೆ ತಿರುಗಿ ಬರುತ್ತದೆ ಅಂತ ಕೋಷ್ಟಕ ಕಟ್ಟಿದರು. ಇದೆಲ್ಲ ಯಾತಕ್ಕೆ ಅಂತ ಮನೆಯವರು ಕೇಳಿರಲೇಬೇಕು ಅನ್ನೋದು ನಮ್ಮ ಊಹೆ.

ಈಗ ಪೈ ವಿಷಯ. ಇಲ್ಲಿ ಸ್ವಲ್ಪ ಪೆನ್ನು ಹಿಡಿದುಕೊಳ್ಳಿ, ಇದು ಗೊತ್ತಾಗದೆ ಶ್ಯಾಂಕ್ಸ್ ಗೊತ್ತಾಗುವುದಿಲ್ಲ.

ಟ್ಯಾನ್ 45 ಡಿಗ್ರಿ ಅಂದರೆ 1. ರೇಡಿಯನ್‌ನಲ್ಲಿ 45 ಡಿಗ್ರಿ ಅಂದರೆ ಪೈ/4. ಅಂದಮೇಲೆ ಟ್ಯಾನ್ ಇನ್ವರ್ಸ್ 1 ಅನ್ನು ಅಂಕಿಯಲ್ಲಿ ಬಿಡಿಸಿದರೆ ಪೈ ಸಿಕ್ಕಿತು. ಬಿಡಿಸೋದಕ್ಕೆ ಒಂದು ಸರಣಿ ಇದೆ. ಎಕ್ಸ್‌ನಿಂದ ಎಕ್ಸ್ ಘನದ ಮೂರನೇ ಒಂದು ಭಾಗ ಕಳೆಯಿರಿ, ಎಕ್ಸ್‌ನ ಐದನೇ ಘಾತದ ಐದನೇ ಒಂದು ಭಾಗ ಕೂಡಿಸಿ, ಏಳನೆಯದು ಕಳೆಯಿರಿ, ಹೀಗೆ. ಇಲ್ಲಿನ ಪುಸ್ತಕಗಳಲ್ಲಿ ಇದಕ್ಕೆ ಗ್ರೆಗರಿ ಹೆಸರು, ವರ್ಷ 1671. ಅದಕ್ಕೂ ಸುಮಾರು ಮುನ್ನೂರು ವರ್ಷ ಮುಂಚೆ ಕೇರಳದ ಮಾಧವ ಇದನ್ನು ಕಂಡುಕೊಂಡಿದ್ದ, ಅವನ ಪರಂಪರೆಯವರು ಬರೆದಿಟ್ಟಿದ್ದಾರೆ. ಆದರೆ ಎಕ್ಸ್ ಜಾಗದಲ್ಲಿ ನೇರ 1 ಹಾಕಿದರೆ ಸರಣಿ ಎತ್ತಿನಗಾಡಿಗಿಂತ ನಿಧಾನ. 1 ಕಳೆ 1/3 ಕೂಡು 1/5 ಅಂತ ನೂರಾರು ಪದ ಹಾಕಿದರೂ ಎರಡು ಮೂರು ಅಂಕಿ ಸರಿ ಬಂದರೆ ಹೆಚ್ಚು. ಎಕ್ಸ್ ಸಣ್ಣದಾಗಿರಬೇಕು, ಆಗ ಅದರ ಘಾತಗಳು ಬೇಗ ಕರಗುತ್ತವೆ.

1706ರಲ್ಲಿ ಲಂಡನ್‌ನ ಜಾನ್ ಮೇಚಿನ್ ಇದಕ್ಕೆ ಒಂದು ದಾರಿ ಹುಡುಕಿದರು. ಟ್ಯಾನ್ ಇನ್ವರ್ಸ್ 1/5 ಅನ್ನೋ ಕೋನವನ್ನು ತೆಗೆದುಕೊಳ್ಳಿ. ಅದರ ಎರಡರಷ್ಟು ಕೋನದ ಟ್ಯಾನ್ ಎಷ್ಟು? ನಮಗೆಲ್ಲ ಬಾಯಿಪಾಠ ಇದ್ದ ಟ್ಯಾನ್ 2ಎ ಸೂತ್ರವೇ. ಮೇಲೆ 2/5, ಕೆಳಗೆ 1 ಕಳೆ 1/25 ಅಂದರೆ 24/25. ಭಾಗಿಸಿದರೆ 5/12. ಇನ್ನೊಮ್ಮೆ ಎರಡರಷ್ಟು ಮಾಡಿ. ಮೇಲೆ 10/12, ಕೆಳಗೆ 1 ಕಳೆ 25/144 ಅಂದರೆ 119/144. ಉತ್ತರ 120/119. ನೋಡಿ, 1ಕ್ಕಿಂತ ಕೂದಲೆಳೆಯಷ್ಟು ಹೆಚ್ಚು. ಅಂದರೆ ನಾಲ್ಕು ಪಟ್ಟು ಆದ ಕೋನ 45 ಡಿಗ್ರಿಗಿಂತ ಸ್ವಲ್ಪವೇ ದೊಡ್ಡದು. ಆ ಸ್ವಲ್ಪ ಎಷ್ಟು? 45 ಕಳೆದು ಟ್ಯಾನ್ ತೆಗೆಯಿರಿ. ಮೇಲೆ 1/119, ಕೆಳಗೆ 239/119, ಉತ್ತರ 1/239. ಮುಗೀತು. ಪೈ/4 ಅಂದರೆ ನಾಲ್ಕು ಸಲ ಟ್ಯಾನ್ ಇನ್ವರ್ಸ್ 1/5, ಅದರಿಂದ ಟ್ಯಾನ್ ಇನ್ವರ್ಸ್ 1/239 ಕಳೆದದ್ದು. ಕ್ಯಾಲ್ಕುಲೇಟರ್ ಮುಟ್ಟದೆ, ಒಂದು ಬಸ್ ಟಿಕೆಟ್ ಹಿಂದೆ ಬರೆದು ಮುಗಿಸಬಹುದು. ಮೇಚಿನ್ ಇದರಿಂದ ನೂರು ಸ್ಥಾನ ತೆಗೆದರು. ಅದನ್ನು ಅಚ್ಚು ಹಾಕಿದ ವಿಲಿಯಂ ಜೋನ್ಸ್ ಅವರ ಪುಸ್ತಕದಲ್ಲೇ ಪೈ ಅನ್ನೋ ಗ್ರೀಕ್ ಅಕ್ಷರ ಈ ಅರ್ಥದಲ್ಲಿ ಮೊದಲು ಬಳಕೆಗೆ ಬಂದದ್ದು.

ಪರೀಕ್ಷೆಯಲ್ಲಿ ಮಾರ್ಕ್ಸ್ ಕಳೆದುಕೊಂಡವರಿಗೆ ಒಂದು ಮಾತು. ಟ್ಯಾನ್ ಇನ್ವರ್ಸ್ ಆಫ್ ಟ್ಯಾನ್ ಅಂದ ತಕ್ಷಣ ಎರಡನ್ನೂ ಹೊಡೆದು ಹಾಕುವ ಹಾಗಿಲ್ಲ. ಟ್ಯಾನ್ 135 ಡಿಗ್ರಿಯ ಇನ್ವರ್ಸ್ 135 ಅಲ್ಲ, ಮೈನಸ್ 45. ಮೇಚಿನ್ ಲೆಕ್ಕದಲ್ಲಿ ಕೋನ ಸುಮಾರು 11.31 ಡಿಗ್ರಿ, ನಾಲ್ಕು ಪಟ್ಟು 45.24, ಎಲ್ಲವೂ 90ರ ಒಳಗೇ, ಹಾಗಾಗಿ ಬಚಾವ್. ಹೋದ ಟರ್ಮ್‌ನಲ್ಲಿ ನಮ್ಮ ಪ್ರಾಜೆಕ್ಟಿನ ರೋಬೋಟ್ ಕೈ ಎಡಕ್ಕೆ ಹೋಗು ಅಂದರೆ ಬಲಕ್ಕೆ ಹೋಗಿ ಟೇಬಲ್ ಅಂಚಿಗೆ ಹೊಡೆದದ್ದು ಇದೇ ಕಾರಣಕ್ಕೆ. ಕೋಡ್ ಬರೆದವರು ಕ್ವಾಡ್ರೆಂಟ್ ನೋಡಿರಲಿಲ್ಲ. ಮೂವರು ಆ ಕೋಡ್ ತೆರೆದಿದ್ದೆವು, ಇನ್ನೊಬ್ಬರು ನೋಡಿರುತ್ತಾರೆ ಅಂತ ಮೂವರೂ ಅಂದುಕೊಂಡಿದ್ದೆವು.

ಶ್ಯಾಂಕ್ಸ್ ಹಿಡಿದದ್ದು ಮೇಚಿನ್ ಸೂತ್ರವನ್ನೇ. ಕೆಲಸ ಹೇಗಿತ್ತು ಅಂತ ನೋಡೋಣ ಅಂತ ಒಂದು ಶನಿವಾರ ಚಿತ್ರಾನ್ನ ಮಾಡಿಟ್ಟುಕೊಂಡು ನಾವು ನಾಲ್ಕು ಜನ ಫೋನ್ ಬದಿಗಿಟ್ಟು ಕೂತೆವು. ಗುರಿ ಬರೀ ಹತ್ತು ಸ್ಥಾನ. 1/5 ಅಂದರೆ 0.2. ಮುಂದಿನ ಘಾತ ಬೇಕೆಂದರೆ 25ರಿಂದ ಭಾಗಿಸಬೇಕು. ಅಂದರೆ ನಾಲ್ಕರಿಂದ ಗುಣಿಸಿ ಎರಡು ಮನೆ ಬಲಕ್ಕೆ ಸರಿಸಿದರೆ ಆಯಿತು: 0.008, ಆಮೇಲೆ 0.00032, ಆಮೇಲೆ 0.0000128. ಇವನ್ನು ಕ್ರಮವಾಗಿ 3, 5, 7ರಿಂದ ಭಾಗಿಸಿ, ಒಂದು ಬಿಟ್ಟು ಒಂದು ಕೂಡಿಸಿ ಕಳೆಯುವುದು. ಐದಾರು ಪದಕ್ಕೆ 0.1973955598 ಬರಬೇಕಿತ್ತು. ಇದನ್ನು 16ರಿಂದ ಗುಣಿಸಬೇಕು. 239ರ ಕಡೆ ಪದ ಕಡಿಮೆ, ಆದರೆ ಭಾಗಾಕಾರ ಕಲ್ಲು ಕಡಿದ ಹಾಗೆ. ಪ್ರತಿ ಹೆಜ್ಜೆಗೂ 239ರ ವರ್ಗ, 57121ರಿಂದ ಭಾಗಿಸಬೇಕು. ಕೊನೆಗೆ ಕಳೆದು ನೋಡಿದರೆ ಏಳನೇ ಸ್ಥಾನದಲ್ಲೇ ತಪ್ಪು. ಏಳರಿಂದ ಭಾಗಿಸುವಾಗ ಒಂದು ಶೇಷ ಕೈಬಿಟ್ಟಿತ್ತು, ಆ ಪುಟ್ಟ ತಪ್ಪು ಹದಿನಾರು ಪಟ್ಟಾಗಿ ಎದ್ದು ನಿಂತಿತ್ತು. ಅದನ್ನು ಹುಡುಕಿದ್ದು ಬರೆದವರಲ್ಲ, ಅಡುಗೆಮನೆಯಿಂದ ತಟ್ಟೆ ಹಿಡಿದು ಬಂದು ಸುಮ್ಮನೆ ಇಣುಕಿದ ಇನ್ನೊಬ್ಬರು.

ಇದು ಹತ್ತು ಸ್ಥಾನದ ಕತೆ. 707 ಸ್ಥಾನಕ್ಕೆ 1/5ರ ಕಡೆ ಸುಮಾರು 500 ಪದ ಬೇಕು, 1/239ರ ಕಡೆ ಸುಮಾರು 150. ಒಂದೊಂದು ಪದವೂ ನೂರಾರು ಅಂಕಿಯ ಉದ್ದದ ಸಾಲು. ಹಿಂದಿನ ಸಾಲಿನಲ್ಲಿ ಒಂದು ಅಂಕಿ ಜಾರಿದರೆ ಅದರಿಂದ ಹುಟ್ಟಿದ ಮುಂದಿನ ಸಾಲುಗಳಿಗೂ ಆ ಜಾರು ಹೋಗುತ್ತದೆ. ಲಾಗ್ ಟೇಬಲ್ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಅದು ಕೊಡುವುದು ಕೆಲವೇ ಅಂಕಿ. ಕಾಗದ, ಮಸಿ, ತಾಳ್ಮೆ, ಅಷ್ಟೇ.

ಈ ಲೆಕ್ಕದಲ್ಲಿ ಗುರುಗಳೂ ಒಮ್ಮೆ ಎಡವಿದ್ದರು. 1841ರಲ್ಲಿ ರುದರ್ಫರ್ಡ್ 208 ಸ್ಥಾನ ಪ್ರಕಟಿಸಿದ್ದರು, ಆದರೆ ಸರಿ ಇದ್ದದ್ದು 152 ಮಾತ್ರ. ಹನ್ನೆರಡು ವರ್ಷದ ನಂತರ, 1853ರಲ್ಲಿ, ಗುರು ವೂಲಿಚ್‌ನಲ್ಲಿ, ಶಿಷ್ಯ ಹೋಟನ್‌ನಲ್ಲಿ, ಇಬ್ಬರೂ ಲೆಕ್ಕ ಹಾಕಿ ತಾಳೆ ನೋಡಿದರು. 440ನೇ ಸ್ಥಾನದವರೆಗೆ ಅಂಕಿಗೆ ಅಂಕಿ ಹೊಂದಿತು. ರುದರ್ಫರ್ಡ್ ಅಲ್ಲಿ ನಿಲ್ಲಿಸಿದರು. ಶ್ಯಾಂಕ್ಸ್ ನಿಲ್ಲಲಿಲ್ಲ. 530ಕ್ಕೆ ಹೋದರು, ಅದೇ ವರ್ಷ 607 ಮುಟ್ಟಿ ಪುಸ್ತಕವನ್ನೇ ಹೊರತಂದರು. ಆಗ ಅವರಿಗೆ 41 ವರ್ಷ. ಪುಸ್ತಕವನ್ನು ಅರ್ಪಿಸಿದ್ದು ಮೊದಲ ಅಂಕಿ ಕಲಿಸಿದ ಅದೇ ಮೇಷ್ಟ್ರಿಗೆ.

440ರ ಆಚೆಗೆ ಅವರ ಜೊತೆ ಯಾರೂ ಇರಲಿಲ್ಲ. 441ರಿಂದ 527ರವರೆಗೆ, ಒಬ್ಬರೇ ನಡೆದರೂ, ಲೆಕ್ಕ ಸರಿಯಾಗೇ ಇತ್ತು. 528ರಲ್ಲಿ ದಾರಿ ತಪ್ಪಿತು. ಅದು ಅವರಿಗೆ ಗೊತ್ತಾಗುವ ಬಗೆಯೇ ಇರಲಿಲ್ಲ. ಪೈ ಅಂಕಿಗಳಲ್ಲಿ ಸರಿ ತಪ್ಪು ಮುಖ ನೋಡಿ ಹೇಳುವ ಹಾಗಿಲ್ಲ. 1/7ರ ಥರ ಸುತ್ತಿ ಬಂದಿದ್ದರೆ ಅಲ್ಲೇ ಸಿಕ್ಕಿಬೀಳುತ್ತಿತ್ತು. ಪೈ ಹಾಗೆ ಸುತ್ತಿ ಬರುವುದೇ ಇಲ್ಲ ಅಂತ ಹಿಂದಿನ ಶತಮಾನದಲ್ಲೇ ಲ್ಯಾಂಬರ್ಟ್ ಸಾಧಿಸಿ ಆಗಿತ್ತು. ತಪ್ಪು ಅಂಕಿಯೂ ಸರಿ ಅಂಕಿಯ ಹಾಗೇ ಕಾಣುತ್ತದೆ.

ಒಬ್ಬರಿಗೆ ಮಾತ್ರ ಏನೋ ಒಂಥರಾ ಅನ್ನಿಸಿತ್ತು. ಅಗಸ್ಟಸ್ ಡಿ ಮಾರ್ಗನ್. ನಮ್ಮ ಲಾಜಿಕ್ ಕ್ಲಾಸಿನ ಡಿ ಮಾರ್ಗನ್ ನಿಯಮದವರೇ, ಹುಟ್ಟಿದ್ದು ಮಧುರೈಯಲ್ಲಿ. ಅವರು ಶ್ಯಾಂಕ್ಸ್ ಕೊಟ್ಟ ಅಂಕಿಗಳನ್ನು, ಮೊದಲ 3 ಸೇರಿ 608 ಅಂಕಿಗಳನ್ನು, ಒಂದೊಂದಾಗಿ ಎಣಿಸಿದರು. ಪ್ರತಿ ಅಂಕಿಯೂ ಸುಮಾರು 61 ಸಲ ಬರಬೇಕಿತ್ತು. ಉಳಿದವು ಹೆಚ್ಚು ಕಡಿಮೆ ಅಷ್ಟೇ ಇದ್ದವು, 7 ಮಾತ್ರ 44 ಸಲ. ಏಳಕ್ಕೆ ಯಾಕೆ ಈ ಅನ್ಯಾಯ ಅಂತ ಅಚ್ಚರಿಪಟ್ಟು ಬರೆದರು. ಆದರೆ ಲೆಕ್ಕವನ್ನು ಮತ್ತೆ ಮಾಡಿ ನೋಡಲಿಲ್ಲ, ಬೇರೆಯವರೂ ನೋಡಲಿಲ್ಲ. ಇಲ್ಲಿ ಇನ್ನೊಂದು ತಮಾಷೆ ಇದೆ. ಇವತ್ತಿನ ಸರಿಯಾದ ಪೈಯಲ್ಲೂ ಮೊದಲ 500 ಅಂಕಿಗಳಲ್ಲಿ 7 ಬರುವುದು 36 ಸಲ ಮಾತ್ರ. ಅಂದರೆ ಏಳರ ಬರ ಬಹುಮಟ್ಟಿಗೆ ನಿಜವಾದದ್ದೇ. ತಪ್ಪು ಇದೆ ಅನ್ನೋದು ಸರಿ, ಆದರೆ ಡಿ ಮಾರ್ಗನ್ ಬೆರಳು ಇಟ್ಟ ಜಾಗ ಪೂರ್ತಿ ಅದಲ್ಲ!

ಶ್ಯಾಂಕ್ಸ್ ತಪ್ಪು ಒಪ್ಪಿಕೊಳ್ಳದ ಮನುಷ್ಯ ಆಗಿದ್ದರೆ ಈ ಕತೆ ಬೇರೆ ಇರುತ್ತಿತ್ತು. ಇ ಅನ್ನೋ ಸಂಖ್ಯೆಯನ್ನೂ ಅವರು ಕೈಯಲ್ಲೇ ತೆಗೆದಿದ್ದರು. ಗ್ಲೇಶರ್ ಎಂಬ ಗಣಿತಜ್ಞ ಅದನ್ನು ಪರೀಕ್ಷಿಸಿ 137 ಸ್ಥಾನ ಸರಿ, ಅದರಾಚೆ ತಪ್ಪಿದೆ ಅಂತ ತೋರಿಸಿದಾಗ, ಶ್ಯಾಂಕ್ಸ್ ಮತ್ತೆ ಕೂತು ತಿದ್ದಿ 205 ಸ್ಥಾನ ಕೊಟ್ಟರು. ತೋರಿಸಿದರೆ ತಿದ್ದುತ್ತಿದ್ದರು. ಪೈಗೆ ತೋರಿಸುವವರು ಸಿಗಲಿಲ್ಲ.

1871ರಲ್ಲಿ ರುದರ್ಫರ್ಡ್ ತೀರಿಕೊಂಡರು. ಅದೇ ವರ್ಷ ಡಿ ಮಾರ್ಗನ್ ಕೂಡ. ಎರಡು ವರ್ಷದ ನಂತರ, 1873ರಲ್ಲಿ, 61 ವರ್ಷದ ಶ್ಯಾಂಕ್ಸ್ ಹಳೆಯ ಕಾಗದಗಳನ್ನು ಹೊರತೆಗೆದು ಪೈಯನ್ನು 707ಕ್ಕೆ ಒಯ್ದರು. ಆಗ ಹಳೆಯ ಅಚ್ಚಿನಲ್ಲಿ ಕೆಲವು ಅಂಕಿ ತಪ್ಪಿದ್ದನ್ನು ತಾವೇ ಗುರುತಿಸಿ ಸರಿಪಡಿಸಿದರು ಕೂಡ. 528 ಮಾತ್ರ ಕಣ್ಣಿಗೆ ಬೀಳಲಿಲ್ಲ. ಹೊಸದಾಗಿ ಸೇರಿಸಿದ ನೂರು ಸ್ಥಾನವೂ ಇಪ್ಪತ್ತು ವರ್ಷ ಹಿಂದೆಯೇ ತಪ್ಪಿದ್ದ ದಾರಿಯ ಮೇಲೇ ಕಟ್ಟಿದ್ದು. ಅಕಸ್ಮಾತ್ ಹೊಂದಿಕೊಂಡವು ಬಿಟ್ಟರೆ ಆ ವಯಸ್ಸಿನಲ್ಲಿ ಪಟ್ಟ ಪಾಡು ಅಷ್ಟೂ ನೀರಿನಲ್ಲಿ ಹೋಮ. ಇದನ್ನು ಓದುವಾಗ ಪ್ರತಿ ಸಲ ನಮಗೆ ಹೊಟ್ಟೆಯಲ್ಲಿ ಏನೋ ಆಗುತ್ತದೆ. 1853ರ ತಪ್ಪಿಗಿಂತ 1873ರ ಆ ನೂರು ಅಂಕಿ ಹೆಚ್ಚು ಕಾಡುತ್ತವೆ.

ಅವರು 1882ರ ಜೂನ್‌ನಲ್ಲಿ, 70ನೇ ವಯಸ್ಸಿನಲ್ಲಿ, ಹೋಟನ್‌ನಲ್ಲೇ ತೀರಿಕೊಂಡರು. ಜೂನ್ 17ರಂದು ಊರಿನ ಹಿಲ್‌ಸೈಡ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ಅದೇ ವರ್ಷ ಜರ್ಮನಿಯ ಲಿಂಡೆಮನ್, ವೃತ್ತದಷ್ಟೇ ವಿಸ್ತೀರ್ಣದ ಚೌಕವನ್ನು ಅಳತೆಪಟ್ಟಿ ಕೈವಾರದಿಂದ ಎಳೆಯಲು ಸಾಧ್ಯವೇ ಇಲ್ಲ ಅಂತ ಸಾಧಿಸಿ ಪೈಯ ಇನ್ನೊಂದು ಹಳೇ ಕತೆಯನ್ನು ಮುಗಿಸಿದರು.

ಶ್ಯಾಂಕ್ಸ್ ಅಂಕಿಗಳು ಮಾತ್ರ ಮೆರೆದವು. 1937ರಲ್ಲಿ ಪ್ಯಾರಿಸ್‌ನಲ್ಲಿ ಪಾಲೆ ದ ಲಾ ದೆಕೂವರ್ತ್ ಎಂಬ ವಿಜ್ಞಾನ ಮ್ಯೂಸಿಯಂ ಕಟ್ಟಿದಾಗ ಒಂದು ಗುಂಡಗಿನ ಕೋಣೆಯ ಗೋಡೆಯ ಸುತ್ತ 707 ಅಂಕಿಗಳನ್ನೂ ದೊಡ್ಡದಾಗಿ ಕೂರಿಸಿದರು, ತಪ್ಪಿದವನ್ನೂ ಸೇರಿಸಿ. ಹೋಟನ್ ಮೇಷ್ಟ್ರ ಲೆಕ್ಕ ಪ್ಯಾರಿಸ್ ಗೋಡೆ ಏರಿತ್ತು.

ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ, 1944ರ ಸುಮಾರಿಗೆ, ಡಿ.ಎಫ್. ಫರ್ಗ್ಯುಸನ್ ಎಂಬ ಇನ್ನೊಬ್ಬ ಇಂಗ್ಲಿಷ್ ಮೇಷ್ಟ್ರು, ರಾಯಲ್ ನೇವಲ್ ಕಾಲೇಜಿನವರು, ಪೈಯನ್ನು ಬೇರೆ ದಾರಿಯಿಂದ ತೆಗೆಯಲು ಕೂತರು. ಅವರ ಸೂತ್ರದಲ್ಲಿ ಪೈ/4 ಅಂದರೆ ಮೂರು ಸಲ ಟ್ಯಾನ್ ಇನ್ವರ್ಸ್ 1/4, ಅದಕ್ಕೆ ಟ್ಯಾನ್ ಇನ್ವರ್ಸ್ 1/20 ಮತ್ತು ಟ್ಯಾನ್ ಇನ್ವರ್ಸ್ 1/1985 ಸೇರಿಸಿದ್ದು. ಇದನ್ನೂ ಮೇಲಿನ ಹಾಗೇ ಟ್ಯಾನ್ ತೆಗೆದು ಪರೀಕ್ಷಿಸಬಹುದು, ಬಿಡುವಿದ್ದಾಗ ಮಾಡಿ ನೋಡಿ, ಮೂರು ಪಟ್ಟಿನದು 47/52 ಬರಬೇಕು. ದಾರಿ ಬೇರೆಯಾದರೂ ಊರು ಒಂದೇ ಆಗಬೇಕಲ್ಲ. 527ರವರೆಗೆ ಒಂದೇ ಆಯಿತು, 528ರಲ್ಲಿ ಕವಲೊಡೆಯಿತು. 1946ರಲ್ಲಿ ಪ್ರಕಟವಾಯಿತು. ಮೊದಲ ಸಲ ತಪ್ಪಿ 93 ವರ್ಷ ಆಗಿತ್ತು, 707 ಅಚ್ಚಾಗಿ 73 ವರ್ಷ. ಪ್ಯಾರಿಸ್ ಗೋಡೆಯನ್ನು 1949ರಲ್ಲಿ ತಿದ್ದಿದರು. ಅದೇ ವರ್ಷ ಅಮೆರಿಕದ ಎನಿಯಾಕ್ ಕಂಪ್ಯೂಟರ್ ಸುಮಾರು 70 ಗಂಟೆಯಲ್ಲಿ 2037 ಸ್ಥಾನ ತೆಗೆಯಿತು. ಅದಕ್ಕೂ ಕೊಟ್ಟದ್ದು ಮೇಚಿನ್ ಸೂತ್ರವೇ, ಅದೇ 1/5, ಅದೇ 1/239.

ಪುಸ್ತಕಗಳಲ್ಲಿ ಇವರನ್ನು ತಪ್ಪಿನ ಹೆಸರಲ್ಲಿ ನೆನೆಯುವುದು ನಮಗೆ ಒಪ್ಪಿಗೆ ಇಲ್ಲ. ಕೈಯಲ್ಲಿ 527 ಸ್ಥಾನ ಸರಿಯಾಗಿ ತೆಗೆದವರು ಫರ್ಗ್ಯುಸನ್ ಬರುವವರೆಗೆ ಬೇರೆ ಯಾರೂ ಇರಲಿಲ್ಲ. ನಾಲ್ಕು ಜನ ಸೇರಿ ಹತ್ತು ತೆಗೆಯಲು ಒದ್ದಾಡಿದ ಮೇಲೆ ಇಷ್ಟು ಹೇಳುವ ಹಕ್ಕು ನಮಗಿದೆ ಅಂದುಕೊಳ್ಳುತ್ತೇವೆ.

ನವೆಂಬರ್‌ನಲ್ಲಿ ಹೋಟನ್‌ಗೆ ಹೋಗಿದ್ದೆವು. ಹೊರಟದ್ದೇ ಮಧ್ಯಾಹ್ನ ಊಟ ಆದಮೇಲೆ, ನಮ್ಮ ಬುದ್ಧಿ. ಇಲ್ಲಿ ಆ ತಿಂಗಳಲ್ಲಿ ನಾಲ್ಕು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ ಅಂತ ನಿಮಗೆ ಹೇಳಬೇಕಾಗಿಲ್ಲ. ಬಸ್ ಇಳಿದು, ದಾರಿ ಕೇಳಿ, ಗುಡ್ಡದ ಕಡೆ ಮುಖ ಮಾಡುವಷ್ಟರಲ್ಲಿ ಕತ್ತಲು, ಜೊತೆಗೆ ಸಣ್ಣ ಮಳೆ. ಸಮಾಧಿ ಹುಡುಕದೆ ವಾಪಸ್ ಬಂದೆವು. ಮೇ ತಿಂಗಳಲ್ಲಿ, ಪರೀಕ್ಷೆ ಮುಗಿದ ವಾರ, ಬೆಳಗ್ಗೆಯೇ ಹೊರಡುವುದು ಅಂತ ಮಾತಾಗಿದೆ. ಪುಳಿಯೋಗರೆ ನಮ್ಮದು. ಬರುವವರು ಗ್ರೂಪ್‌ನಲ್ಲಿ ಹೆಸರು ಹಾಕಿ.